ಮೇಜಿನ ಮೇಲಿನ ಎಂಜಿನ್

ಆ ಮನೆಯಲ್ಲಿ ಊಟದ ಮೇಜು ಇದ್ದದ್ದು ಒಂದೇ. ಈಸ್ಟರಿಗೆ ಮೊದಲಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಮರುದಿನ ಬೆಳಿಗ್ಗೆ ಕ್ಲಾರೆನ್ಸ್ ಅದರ ಮೇಲೆ ಹಳೆಯ ಬೆಡ್‌ಶೀಟೊಂದನ್ನು ಹಾಸಿ, ಕ್ರಿಸ್‌ಮಸ್‌ಗೆ ಬಂದು ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಪೆಟ್ಟಿಗೆಯನ್ನು ಬಿಚ್ಚಿ ಕುಳಿತ. ಗಂಜಿಯ ಪಾತ್ರೆ ಹಿಡಿದು ಬಂದ ಹೆಂಡತಿ ಮ್ಯಾಗ್ಡಲಿನ್‌ಗೆ ಅದನ್ನಿಡಲು ಒಂದು ಗೇಣು ಜಾಗ ಕಾಣಲಿಲ್ಲ.

"ಇದೆಂತ ಮಾರಾಯ್ರೆ? ಗಂಜಿ ನನ್ನ ತಲೆಯ ಮೇಲೆ ಇಡ್ಲಾ?"

"ಅಡುಗೆಮನೆಯಲ್ಲಿ ಉಣ್ಣುವ. ಎಂತ ಆಗ್ತದೆ?"

"ನಿಮಗೆ ಎಂತ ಆಗುವುದಿಲ್ಲ. ಅಡುಗೆಮನೆಯಲ್ಲಿ ಇರುವುದು ಎರಡು ಸ್ಟೂಲು. ವನೆಸ್ಸಾ ನಿಂತುಕೊಂಡು ಉಣ್ಣಬೇಕಾ?"

ಸೊಸೆ ವನೆಸ್ಸಾ ಅಷ್ಟರಲ್ಲಿ ನಿಂತುಕೊಂಡೇ ಉಂಡು ಮುಗಿಸಿದ್ದಳು. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ಏಳೂಕಾಲರ ಬಸ್ಸು ಅವಳಿಗಾಗಿ ಕಾಯುವುದಿಲ್ಲ. ಚಪ್ಪಲಿ ಹಾಕುತ್ತಾ, "ಬಿಡಿ ಮಮ್ಮಿ, ಪಪ್ಪಾ ಕೈ ಆಡಿಸ್ಲಿ. ಫಿಸಿಯೋದವರೂ ಅದನ್ನೇ ಹೇಳಿದ್ದಲ್ವಾ?" ಎಂದು ಹೇಳಿ ಗೇಟು ದಾಟಿಯೇಬಿಟ್ಟಳು. ಅವಳ ಮಗಳು ಕ್ಯಾರಲ್, ಒಂಬತ್ತು ವರ್ಷದವಳು, ಶಾಲೆಯ ಚೀಲ ಬೆನ್ನಿಗೇರಿಸಿಕೊಂಡೇ ಮೇಜಿಗೆ ಅಂಟಿ ನಿಂತು, "ಆಬಾ, ಇದು ನಿಜವಾದ ಎಂಜಿನ್ನಾ?" ಎಂದು ಅಜ್ಜನನ್ನು ಕೇಳುತ್ತಿದ್ದಳು.

ನಿಜವಾದದ್ದೇ, ಆದರೆ ಅಂಗೈಯಲ್ಲಿ ಹಿಡಿಯುವಷ್ಟು. ನಾಲ್ಕು ಸಿಲಿಂಡರ್, ನಾಲ್ಕು ಪಿಸ್ಟನ್, ಉಗುರಿನ ಮೇಲೆ ನಿಲ್ಲುವ ಸ್ಕ್ರೂಗಳು, ಎಲ್ಲ ಸೇರಿ ಮುನ್ನೂರ ಅರವತ್ತು ಚಿಲ್ಲರೆ ತುಂಡುಗಳು, ನಂಬರು ಹಾಕಿದ ಪೊಟ್ಟಣಗಳಲ್ಲಿ. ಜೋಡಿಸಿ ಮುಗಿಸಿ ಮೊಬೈಲ್ ಚಾರ್ಜರಿನ ವಯರು ಸಿಕ್ಕಿಸಿದರೆ ಒಳಗಿನ ಸಣ್ಣ ಮೋಟಾರು ತಿರುಗಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡುತ್ತವೆ. ಮಸ್ಕತ್‌ನಲ್ಲಿರುವ ಮಗ ಜೋವಿನ್ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದ್ದ. ಅಪ್ಪ ಬಹರೈನಿನಲ್ಲಿ ಇಪ್ಪತ್ತೆಂಟು ವರ್ಷ ಹಡಗಿನ ಎಂಜಿನ್ ಬಿಚ್ಚಿ ಕಟ್ಟಿದ ಫಿಟ್ಟರ್. ಹಡಗಿನದ್ದು ಬಿಚ್ಚಿದವನಿಗೆ ಇದು ಮಕ್ಕಳಾಟಿಕೆ ಎಂದು ಮಗ ಎಣಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಕಳೆದ ಆಗಸ್ಟಿನಲ್ಲಿ ಕ್ಲಾರೆನ್ಸ್‌ಗೆ ಸ್ಟ್ರೋಕ್ ಆಗಿತ್ತು. ಮಾತು ಉಳಿಯಿತು, ಕಾಲು ಎರಡು ತಿಂಗಳಲ್ಲಿ ಸರಿಯಾಯಿತು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಮೊದಲ ವಾರ ಮನೆಯಲ್ಲಿ ಬರೀ ಬೈಗುಳ. ಬೈಗುಳ ಯಾರಿಗೂ ಅಲ್ಲ, ಸ್ಕ್ರೂಗಳಿಗೆ. ಮ್ಯಾಗ್ಡಲಿನ್ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಳು. ಶಂಕರಪುರದಲ್ಲಿ ಆ ಹೊತ್ತಿಗೆ ಯಾವ ಮನೆಯ ಜಗಲಿ ನೋಡಿದರೂ ಇದೇ ಕೆಲಸ. ನಸುಕಿಗೆ ಕೊಯ್ದ ಮೊಗ್ಗು ಹತ್ತು ಗಂಟೆಗೆಲ್ಲ ಬಾಳೆನಾರಿನಲ್ಲಿ ಕಟ್ಟಿ ಸುತ್ತಿದ ಚೆಂಡಾಗಬೇಕು, ಹೂವಿನ ಗಾಡಿ ಬಂದು ಹಾರನ್ ಹೊಡೆಯುವಾಗ ಕೈಯಲ್ಲಿ ಕೊಡಬೇಕು. ಒಳಗಿನಿಂದ 'ಟಿಣ್' ಎಂದು ಸ್ಕ್ರೂ ಬೀಳುವ ಸದ್ದು, ಹಿಂದೆಯೇ "ಇದರ ಮನೆ ಹಾಳಾಗ!" ಎಂಬ ಕೂಗು ಕೇಳುತ್ತಿತ್ತು. ಅವಳು ಏಳುತ್ತಿರಲಿಲ್ಲ. ಎದ್ದು ಹೋದರೆ ಬೈಗುಳ ಸ್ಕ್ರೂವಿನಿಂದ ಅವಳ ಕಡೆಗೆ ತಿರುಗುತ್ತದೆ ಎಂಬುದು ಎರಡನೇ ದಿನವೇ ಗೊತ್ತಾಗಿತ್ತು.

ಎಂಟನೇ ದಿನ ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಅವಳು ಹೂವನ್ನು ಕೆಳಗಿಟ್ಟು ಎದ್ದಳು. ಹೋಗಿ ನೋಡಿದರೆ ಕ್ಲಾರೆನ್ಸ್ ಮೇಜಿಗೆ ಹಣೆ ಹಚ್ಚಿ ಕುಳಿತಿದ್ದ, ಬಲಗೈ ಬಟ್ಟೆಯ ತುಂಡಿನ ಹಾಗೆ ಮಡಿಲಲ್ಲಿ ಬಿದ್ದಿತ್ತು.

"ನನ್ನ ಕೈ ಸತ್ತಿದೆ ಮ್ಯಾಗಿ. ಈ ಪೆಟ್ಟಿಗೆ ಯಾರಿಗಾದರೂ ಕೊಟ್ಟುಬಿಡು."

"ಊಟ ಮಾಡಿ ಮಲಗಿ. ನಾಳೆ ನೋಡುವ" ಎಂದಳು ಅವಳು. ಆ ಮಧ್ಯಾಹ್ನ ಅವನು ಬಂಗುಡೆ ಸಾರನ್ನು ಮುಟ್ಟಲಿಲ್ಲ. ಬಂಗುಡೆ ಬಿಟ್ಟು ಎದ್ದ ಕ್ಲಾರೆನ್ಸನನ್ನು ಅವಳು ಮದುವೆಯಾದಂದಿನಿಂದ ಕಂಡಿರಲಿಲ್ಲ.

ಅವನು ಮಲಗಿದ ಮೇಲೆ ಬೆಡ್‌ಶೀಟ್ ಮಡಚಲೆಂದು ಹೋದವಳು ಸುಮ್ಮನೆ ಒಂದು ತುಂಡನ್ನು ಕೈಯಲ್ಲಿ ಹಿಡಿದಳು. ಸ್ಕ್ರೂ ಅಡ್ಡಾದಿಡ್ಡಿ ಕೂತಿತ್ತು. ತಿರುಗಿಸಿ ತೆಗೆದು, ನೆಟ್ಟಗೆ ನಿಲ್ಲಿಸಿ, ಬಿಗಿದಳು. ಕಚಕ್ಕನೆ ಕೂತಿತು. ಎಲಾ! ದಿನಕ್ಕೆ ಮೂರು ಸಾವಿರ ಮೊಗ್ಗಿಗೆ ಗಂಟು ಹಾಕುವ ಬೆರಳಿಗೆ ಇದೆಂತ ದೊಡ್ಡ ಕೆಲಸ? ಇಂಗ್ಲಿಷ್ ಓದುವ ಅಗತ್ಯವೇ ಇರಲಿಲ್ಲ, ಪುಸ್ತಕದಲ್ಲಿ ಎಲ್ಲದಕ್ಕೂ ಚಿತ್ರವಿತ್ತು. ಅವನು ಎಂಟು ದಿನ ಕೆಡಿಸಿದ್ದನ್ನು ಅವಳು ಒಂದೂವರೆ ಗಂಟೆಯಲ್ಲಿ ಸರಿಮಾಡಿ, ಎಲ್ಲವನ್ನೂ ಅವನು ಬಿಟ್ಟ ಜಾಗದಲ್ಲೇ ಇಟ್ಟು, ಏನೂ ತಿಳಿಯದವಳಂತೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆದಳು.

ಮರುದಿನ ಕ್ಲಾರೆನ್ಸ್ ಮೇಜಿನ ಮುಂದೆ ಕೂತವನು ಕೂಗಿದ. "ಮ್ಯಾಗೀ! ಇಲ್ಲಿ ಬಾ. ನೋಡು! ನಿನ್ನೆ ನಾನು ಸುಮ್ಮನೆ ಹೆದರಿದ್ದು. ಎಲ್ಲ ಸರಿಯಾಗಿಯೇ ಕೂತಿದೆ!"

"ಹೌದಾ? ನಾನು ಹೇಳಲಿಲ್ವಾ?" ಎಂದಳು ಮ್ಯಾಗ್ಡಲಿನ್. ಅವನ ಮುಖ ನೋಡಿ ಅವಳಿಗೆ ಕಣ್ಣು ತುಂಬಿ ಬಂತು, ಸಂತೋಷಕ್ಕೆ. ಮಧ್ಯಾಹ್ನ ಅವನು ಎರಡು ಬಾರಿ ಅನ್ನ ಹಾಕಿಸಿಕೊಂಡ.

ಒಂದು ದಿನದ ಸಹಾಯ ಎಂದು ಅವಳು ಎಣಿಸಿದ್ದು. ಅದು ದಿನದ ಕೆಲಸವೇ ಆಯಿತು. ಬೆಳಿಗ್ಗೆ ಅವನು ಜೋಡಿಸುವುದು, ಊಟದ ನಂತರ ಅವನು ಗೊರಕೆ ಹೊಡೆಯುವಾಗ ಇವಳು ಬಿಚ್ಚಿ ಮತ್ತೆ ಜೋಡಿಸುವುದು. ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು, ಮುಚ್ಚಿಟ್ಟು ಏನು ಪ್ರಯೋಜನ? ಅವಳಿಗೆ ಅದರಲ್ಲಿ ಗಮ್ಮತ್ತು ಬಂದಿತ್ತು. ಅರುವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳು ಯಾರಿಗೂ ಮಾರಲಿಕ್ಕಲ್ಲದ, ಯಾರೂ ಉಣ್ಣದ ಒಂದು ವಸ್ತುವನ್ನು ಮಾಡುತ್ತಿದ್ದಳು.

ಬೆಳಿಗ್ಗೆ ಹೂ ಕೊಯ್ಯಲು ಬರುತ್ತಿದ್ದ ರೇಣುಕವ್ವ ಒಂದು ದಿನ ತನ್ನ ಬುತ್ತಿಡಬ್ಬಿ ಮರೆತವಳು ಮಧ್ಯಾಹ್ನ ತಿರುಗಿ ಬಂದು ಇದನ್ನು ಕಣ್ಣಾರೆ ಕಂಡಳು. ಬಾದಾಮಿ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನಿಂತವಳು, ಬಾಯಿಗೆ ಬಂದದ್ದನ್ನು ಹಾಗೆಯೇ ಹೇಳುವ ಹೆಂಗಸು.

"ಇದೇನ್ರೀ ಬಾಯಾರ, ಸಾಹೇಬ್ರು ಬಿಗದಿದ್ದು ನೀವು ಬಿಚ್ಚಾಕತ್ತೀರಿ?"

"ಮೆಲ್ಲ ಮಾತಾಡು ಮಾರಾಯ್ತಿ! ಅವರಿಗೆ ಗೊತ್ತಿಲ್ಲ."

"ಅಯ್ಯ! ಗೊತ್ತಾದ್ರ?"

"ಗೊತ್ತಾಗುವುದಿಲ್ಲ."

"ಗೊತ್ತಾಗೂದಿಲ್ಲ ಅನ್ನೂದು ನಿಮಗ ಹೆಂಗ ಗೊತ್ತು?" ಎಂದು ರೇಣುಕವ್ವ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಗುತ್ತಾ ಹೋದಳು.

ಒಂದು ದಿನ ಮ್ಯಾಗ್ಡಲಿನ್‌ಗೆ ಕೈ ನಿಲ್ಲಲಿಲ್ಲ. ಅವನು ಮುಟ್ಟದೆ ಇದ್ದ ಹದಿನಾಲ್ಕನೇ ನಂಬರಿನ ಪೊಟ್ಟಣವನ್ನೂ ಒಡೆದು ಮೂರನೇ ಪಿಸ್ಟನ್ ಕೂರಿಸಿಬಿಟ್ಟಳು. ಮರುದಿನ ಬೆಳಿಗ್ಗೆ ಕ್ಲಾರೆನ್ಸ್ ಅದನ್ನು ಹಿಡಿದು ತುಂಬಾ ಹೊತ್ತು ನೋಡಿದ.

"ಇದನ್ನು ನಿನ್ನೆ ನಾನು ಹಾಕಿದ್ದಾ?"

ಅವಳು ಹೂವಿನಿಂದ ತಲೆ ಎತ್ತಲಿಲ್ಲ. "ಮತ್ತೆ ಯಾರು? ನೀವೇ ಹಾಕಿದ್ದಲ್ವಾ. ಮರೆತುಹೋಯಿತಾ?"

"ಮರೆತುಹೋಗಿದೆ" ಎಂದ ಅವನು ಮೆಲ್ಲನೆ. ಆ ದಿನವಿಡೀ ಅವನು ಕ್ಯಾರಲ್‌ಳ ಹತ್ತಿರ ಮಗ್ಗಿ ಕೇಳಿಸಿಕೊಳ್ಳುವ ನೆಪದಲ್ಲಿ ತಾನೇ ಮಗ್ಗಿ ಹೇಳಿ ನೋಡಿಕೊಳ್ಳುತ್ತಿದ್ದುದನ್ನು ಅವಳು ಕಂಡಳು. ಕಂಡೂ ಸುಮ್ಮನಿದ್ದಳು.

ಈಸ್ಟರ್ ಬಂತು. ಹಬ್ಬದ ದಿನ ಹಂದಿಮಾಂಸ, ಜೊತೆಗೆ ಹಬೆಯಲ್ಲಿ ಬೇಯಿಸಿದ ಇಡ್ಲಿಯಂಥ ಸಣ್ಣಗಳು. ಎಂಜಿನ್ನನ್ನು ಬೆಡ್‌ಶೀಟಿನ ಸಮೇತ ಎತ್ತಿ ಕಪಾಟಿನ ಮೇಲಿಟ್ಟು ಎಲ್ಲರೂ ಮೇಜಿಗೆ ಕೂತರು. ಜೋವಿನ್ ಮಸ್ಕತ್‌ನಿಂದ ವೀಡಿಯೋ ಕರೆ ಮಾಡಿದ. ಕ್ಲಾರೆನ್ಸ್ ಅರ್ಧ ಮುಗಿದ ಎಂಜಿನ್ನನ್ನು ಎಡಗೈಯಲ್ಲಿ ಎತ್ತಿ ತೋರಿಸಿದ.

"ಪಪ್ಪಾ! ಮಸ್ತ್! ಕೈ ಸರಿಯಾಯಿತಲ್ಲ!"

"ಮುಕ್ಕಾಲು ಸರಿಯಾಗಿದೆ. ಅಮ್ಮನನ್ನು ಕೇಳು ಬೇಕಾದರೆ."

"ಹೌದು ಮಗಾ, ದಿನ ದಿನ ಒಳ್ಳೆಯದಾಗ್ತಾ ಉಂಟು" ಎಂದಳು ಮ್ಯಾಗ್ಡಲಿನ್ ಸಣ್ಣ ಬಡಿಸುತ್ತಾ.

ಕರೆ ಮುಗಿದ ಮೇಲೆ ವನೆಸ್ಸಾ ತನ್ನ ತಲೆನೋವಿನ ವಿಷಯ ತೆಗೆದಳು. ಜೂನ್‌ನಿಂದ ಕ್ಯಾರಲ್‌ಗೆ ಕಾಪುವಿನಲ್ಲಿ ಹೊಸ ಶಾಲೆ. ಶಾಲೆಯ ವ್ಯಾನು ಶಂಕರಪುರದ ಕಡೆಗೆ ಬರುವುದಿಲ್ಲ. ತಾನು ಬಸ್ಸಿನಲ್ಲಿ ಕಾಪುವಿಗೆ ಹೋಗಿ ಬಿಟ್ಟು ಮಣಿಪಾಲಕ್ಕೆ ಹೋದರೆ ಲ್ಯಾಬಿನಲ್ಲಿ ದಿನಾ ತಡ, ಲೈಸೆನ್ಸ್ ಇದ್ದರೂ ಕಾರು ಬಿಡಲು ಹೆದರಿಕೆ.

"ಅದಕ್ಕೆ ಎಂತ ಅಷ್ಟು ಮಂಡೆಬಿಸಿ?" ಎಂದ ಕ್ಲಾರೆನ್ಸ್. "ಕಾರು ಶೆಡ್ಡಿನಲ್ಲಿ ಮಲಗಿದೆ. ನಾನು ಬಿಡ್ತೇನೆ, ನಾನೇ ಕರೆದುಕೊಂಡು ಬರ್ತೇನೆ."

ಮ್ಯಾಗ್ಡಲಿನ್ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು.

"ನೀವಾ? ಕಾರಾ?"

"ಯಾಕೆ? ಇಷ್ಟು ಸಣ್ಣ ಸ್ಕ್ರೂ ಬಿಗಿಯುವ ಕೈ ಸ್ಟಿಯರಿಂಗ್ ಹಿಡಿಯುವುದಿಲ್ವಾ?"

"ಕಟಪಾಡಿಯಲ್ಲಿ ಹೈವೇ ಉಂಟು ಮಾರಾಯ್ರೆ. ಲಾರಿಗಳು..."

"ನಾನು ಬಹರೈನಿನಲ್ಲಿ ಕಾರು ಬಿಟ್ಟವ. ಕಟಪಾಡಿ ಎಂತ ಲೆಕ್ಕ?"

ವನೆಸ್ಸಾ ಅತ್ತೆಯ ಮುಖ ನೋಡಿದಳು. "ಮಮ್ಮಿ, ಕೈ ನಿಜವಾಗಿ ಒಳ್ಳೆಯದಾಗಿದೆ ಅಲ್ವಾ? ಈಗ ತಾನೆ ನೀವೇ ಹೇಳಿದ್ದು."

ಆ ಹೊತ್ತಿಗೆ ಹೇಳಿಬಿಡಬೇಕಿತ್ತು. ಬಾಯಿಯವರೆಗೂ ಬಂದಿತ್ತು. ಎದುರಿಗೆ ಕ್ಲಾರೆನ್ಸ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಆಗಸ್ಟಿನಿಂದ ಬಾಗಿದ್ದ ಬೆನ್ನು. ಅವಳು ಅಂದಳು: "ಅದೆಲ್ಲ ಡಾಕ್ಟರರನ್ನು ಕೇಳಿ ನೋಡುವ."

"ಕೇಳುವ, ಕೇಳುವ. ಮೊದಲು ಎಂಜಿನ್ ಓಡಲಿ. ಅದು ಓಡಿದ ದಿನ ಕ್ಯಾರಲ್‌ಳನ್ನು ಪಕ್ಕದಲ್ಲಿ ಕೂರಿಸಿ ಕಾಪುವಿನ ಬೀಚಿಗೆ ಒಂದು ಸುತ್ತು. ಏನು ಕ್ಯಾರಲ್?"

"ಲೈಟ್‌ಹೌಸ್ ಹತ್ತಿರ ಐಸ್‌ಕ್ರೀಮ್!" ಎಂದಿತು ಮಗು.

ಅಂದಿನಿಂದ ಮ್ಯಾಗ್ಡಲಿನ್‌ಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಮುಂದಿನ ವಾರ ಕ್ಲಾರೆನ್ಸ್ ಕಾರಿನ ಬ್ಯಾಟರಿಗೆ ಚಾರ್ಜ್ ಮಾಡಿಸಿ ಅಂಗಳದಲ್ಲೇ ಹಿಂದೆ ಮುಂದೆ ತಂದ. ಅವಳು ಮಲ್ಲಿಗೆ ಗಿಡಗಳ ನಡುವೆ ನಿಂತು ಅವನ ಕೈಯನ್ನೇ ನೋಡಿದಳು. ಎಡಗೈ ಸ್ಟಿಯರಿಂಗಿನಲ್ಲಿ ಇದ್ದಷ್ಟು ಹೊತ್ತು ಕಾರು ನೆಟ್ಟಗಿತ್ತು. ಗೇರು ಹಾಕಲು ಎಡಗೈ ಕೆಳಗೆ ಹೋದ ಕ್ಷಣ ಸ್ಟಿಯರಿಂಗ್ ಹಿಡಿಯುವುದು ಬಲಗೈ ಒಂದೇ, ಕಾರು ಸೊಟ್ಟಗಾಗಿ ತೆಂಗಿನ ಕಟ್ಟೆಯ ಕಡೆಗೆ ಎಳೆಯುತ್ತಿತ್ತು. ಅಂಗಳದಲ್ಲಿ ಬ್ರೇಕ್ ಹಾಕಿದರೆ ನಿಂತೀತು. ಹೈವೇಯಲ್ಲಿ, ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು?

"ಹೇಳಿಬಿಡ್ರಿ ಬಾಯಾರ" ಎಂದಳು ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದ ರೇಣುಕವ್ವ.

"ಹೇಗೆ ಹೇಳುವುದು? ಆ ಮನುಷ್ಯ ಕುಸಿದು ಹೋಗ್ತಾನೆ."

"ಕೂಸಿನ ಮ್ಯಾಲ ಲಾರಿ ಹೋದ್ರ ಕುಸಿಯೂದಿಲ್ಲೇನು?"

"ಬಿಡ್ತು ಅನ್ನು ಮಾರಾಯ್ತಿ!"

"ಬಿಡ್ತು. ಆದ್ರ ಹೇಳ್ರಿ."

ಅವಳು ಹೇಳಲಿಲ್ಲ. ಬದಲಿಗೆ ಎಂಜಿನ್ ಮುಗಿಯುವುದನ್ನೇ ತಡ ಮಾಡಿದಳು. ಒಂದು ದಿನ ಬೆಲ್ಟನ್ನು ಅಡಗಿಸಿಟ್ಟಳು, ಇನ್ನೊಂದು ದಿನ ನಾಲ್ಕು ಸ್ಕ್ರೂಗಳನ್ನು ಸಾಸಿವೆ ಡಬ್ಬಿಗೆ ಹಾಕಿದಳು. ಕ್ಲಾರೆನ್ಸ್ ಮನೆಯೆಲ್ಲ ತಡಕಾಡಿ, ತನ್ನ ಮರೆವನ್ನೇ ಬೈದುಕೊಂಡು, ಒಂದು ಸಂಜೆ ಹಾಸಿಗೆಯಲ್ಲಿ ಕೂತು, "ಮ್ಯಾಗಿ, ಕೈ ಬಂತು, ತಲೆ ಹೋಗ್ತಾ ಉಂಟೋ ಏನೋ" ಎಂದ. ಅದನ್ನು ಕೇಳಲಾಗದೆ ಮರುದಿನ ಎಲ್ಲವನ್ನೂ ಕುರ್ಚಿಯ ಕೆಳಗೆ ಸಿಕ್ಕಿತೆಂದು ತಂದುಕೊಟ್ಟಳು.

ಮೇ ಮೂರನೇ ವಾರದ ಶನಿವಾರ ಉಳಿದದ್ದು ಕೆಳಗಿನ ತಟ್ಟೆ ಮಾತ್ರ. ಪಿಸ್ಟನ್‌ಗಳನ್ನು ಓಡಿಸುವ ನಡುವಿನ ದಂಡವನ್ನು ಅಡಿಯಿಂದ ಒತ್ತಿ ಹಿಡಿಯುವ ತಟ್ಟೆ, ಸುತ್ತ ಹತ್ತು ಸ್ಕ್ರೂ. ಬೆಳಿಗ್ಗೆ ಕ್ಲಾರೆನ್ಸ್ ಬಿಗಿದ, ಆರು ಸುಮಾರಾಗಿ ಕೂತವು, ನಾಲ್ಕು ಡೊಂಕಾದವು. ಮಧ್ಯಾಹ್ನ ಅವಳು ಹತ್ತನ್ನೂ ತೆಗೆದು ಒಂದು ಮೂಲೆಯಿಂದ ಶುರುಮಾಡಿದಳು. ಹೂ ಕಟ್ಟುವ ಕೈ. ಒಂದು ಗಂಟು ಹಾಕಿದರೆ ಬಿಗಿದು ಎಳೆದು ಮುಂದಿನದಕ್ಕೆ ಹೋಗುವುದು, ಹಿಂತಿರುಗಿ ನೋಡುವುದಿಲ್ಲ. ಹಾಗೆಯೇ ಒಂದೊಂದನ್ನೂ ಕಡೆಯವರೆಗೆ ಬಿಗಿಯುತ್ತಾ ಸಾಲಾಗಿ ಸುತ್ತಿ ಬಂದಳು. ಚೆಂದ ಕಂಡಿತು. ಬೆಡ್‌ಶೀಟ್ ಮುಚ್ಚಿ ಎದ್ದಳು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವರು ಬಟ್ಟೆ ಕೂಡ ಬದಲಾಯಿಸದೆ ಮೇಜಿನ ಸುತ್ತ ನಿಂತರು. ವನೆಸ್ಸಾ ಗಂಡನಿಗೆ ಕಳಿಸಲೆಂದು ಮೊಬೈಲ್ ಹಿಡಿದು ರೆಕಾರ್ಡ್ ಮಾಡುತ್ತಿದ್ದಳು. ಕಾರಿನ ಕೀ ಕ್ಲಾರೆನ್ಸನ ಜೇಬಿನಲ್ಲಿತ್ತು. ಕ್ಯಾರಲ್ ವಯರು ಸಿಕ್ಕಿಸಿದಳು.

ಮೋಟಾರು 'ಗುಂಯ್' ಎಂದಿತು. ಎಂಜಿನ್ ಅಲುಗಲಿಲ್ಲ.

"ತೆಗೆ, ತೆಗೆ! ಸುಟ್ಟುಹೋದೀತು!" ಕ್ಲಾರೆನ್ಸ್ ವಯರು ಕಿತ್ತು, ಎಂಜಿನ್ನನ್ನು ಮಗುಚಿ ಕಣ್ಣಿನ ಹತ್ತಿರ ತಂದ. ಅವನ ಮುಖದಲ್ಲಿ ನಿರಾಶೆ ಇರಲಿಲ್ಲ, ಕೆಲಸಗಾರನ ಗಮನ ಇತ್ತು. ತಟ್ಟೆಯ ಅಂಚಿನಲ್ಲಿ ಉಗುರು ಓಡಿಸಿದ. ಒಂದು ಕಡೆ ಉಗುರು ಜಾರಿತು, ಇನ್ನೊಂದು ಕಡೆ ಸಂದಿನಲ್ಲಿ ಸಿಕ್ಕಿಕೊಂಡಿತು.

"ಇದನ್ನು ಯಾರು ಬಿಗಿದದ್ದು?"

ಅವನು ಎಂಜಿನ್ನನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ನೋಡಿ ಇಲ್ಲಿ. ಈ ಮೂಲೆಯಿಂದ ಶುರುಮಾಡಿ ಸಾಲಾಗಿ ಸುತ್ತಿದ್ದಾರೆ. ಇಲ್ಲಿ ದಂಡವನ್ನು ಕಚ್ಚಿ ಹಿಡಿದಿದೆ, ಆಚೆ ಕಡೆ ಕಾಗದ ತೂರುವಷ್ಟು ಸಂದು. ತಟ್ಟೆಯನ್ನು ಅಡ್ಡಕ್ಕೆ ಬಿಗಿಯುವುದು. ಇಲ್ಲಿ ಅರ್ಧ ಸುತ್ತು, ಎದುರಿನದ್ದು ಅರ್ಧ ಸುತ್ತು, ಸ್ವಲ್ಪ ಸ್ವಲ್ಪ. ಇಪ್ಪತ್ತೆಂಟು ವರ್ಷ ನಾನು ಬೇರೆ ರೀತಿ ಬಿಗಿಯಲಿಲ್ಲ. ಕೈ ಸೋತೀತು, ಇದನ್ನು ಮರೆಯುವುದಿಲ್ಲ." ಅವನು ಮೊಮ್ಮಗಳ ಕಡೆ ತಿರುಗಿದ. "ಕ್ಯಾರಲ್, ನೀನು ಮುಟ್ಟಿದ್ದಾ?"

"ಇಲ್ಲ ಆಬಾ! ಪ್ರಾಮಿಸ್!"

"ಸುಳ್ಳು ಹೇಳಬೇಡ. ಈ ಮನೆಯಲ್ಲಿ ಇನ್ನು ಯಾರು ಮುಟ್ಟುತ್ತಾರೆ?"

ವನೆಸ್ಸಾ ಮೊಬೈಲ್ ಕೆಳಗಿಟ್ಟಳು. "ಕ್ಯಾರಲ್, ಮುಟ್ಟಿದ್ದರೆ ಸಾರಿ ಹೇಳು ಆಬಾನಿಗೆ."

ಮಗು ಅಜ್ಜಿಯ ಹಿಂದೆ ಹೋಗಿ ನಿಂತಿತು. ಮ್ಯಾಗ್ಡಲಿನ್ ಸುಮ್ಮನಿದ್ದರೆ ಸಾಕಿತ್ತು. ಮಗು ಅಳುತ್ತದೆ, ಸಂಜೆಗೆ ಮರೆಯುತ್ತದೆ, ಅಜ್ಜ ತಟ್ಟೆಯನ್ನು ಸರಿಮಾಡುತ್ತಾನೆ, ಮತ್ತೆ ಕಾರು, ಮತ್ತೆ ಹೈವೇ.

"ಮಗು ಅಲ್ಲ" ಎಂದಳು. "ನಾನು."

"ನೀನು ಯಾಕೆ ಮುಟ್ಟಿದ್ದು?"

"ನಿನ್ನೆ ಮಾತ್ರ ಅಲ್ಲ. ಮೊದಲಿನಿಂದ. ನೀವು ಮಲಗಿದ ಮೇಲೆ ದಿನಾ ನಾನೇ ಬಿಚ್ಚಿ ಕೂರಿಸಿದ್ದು. ಪಿಸ್ಟನ್ ನಾನು ಹಾಕಿದ್ದು. ಬೆಲ್ಟು ನಾನು ಅಡಗಿಸಿದ್ದು. ನಿಮ್ಮ ಕೈ ಒಳ್ಳೆಯದಾಗಲಿಲ್ಲ. ನೀವು ಕಾರು ಬಿಡಬಾರದು."

ಕ್ಲಾರೆನ್ಸ್ ಎಂಜಿನ್ನನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

"ನನ್ನ ತಲೆ ಹೋಗ್ತಾ ಉಂಟು ಎಂದು ನಾನು ಹೆದರಿದೆ, ಮ್ಯಾಗಿ. ನಿನ್ನ ಎದುರಿಗೇ ಹೇಳಿದೆ. ನೀನು ಕೇಳಿಕೊಂಡು ಕೂತಿದ್ದೆ."

"ನಿಮ್ಮ ಬೇಸರ ನೋಡಲಿಕ್ಕೆ ಆಗಲಿಲ್ಲ..."

"ನಿನಗೆ ಯಾವಾಗ ನೋಡಲಿಕ್ಕೆ ಆಗಿದೆ?" ಅವನ ಧ್ವನಿ ಏರಿತು. "ಬಹರೈನಿಗೆ ಬರೆದ ಕಾಗದದಲ್ಲೆಲ್ಲ ಇದೇ! ಇಲ್ಲಿ ಎಲ್ಲರೂ ಸುಖ, ಇಲ್ಲಿ ಎಲ್ಲರೂ ಸುಖ! ಬಾವಿಯ ದಂಡೆ ಬಿದ್ದದ್ದು ನನಗೆ ರಜೆಯಲ್ಲಿ ಬಂದು ನೋಡಿ ಗೊತ್ತಾದದ್ದು. ಅಮ್ಮ ಸತ್ತದ್ದು ಎಂಟು ದಿನ ಕಳೆದು ಗೊತ್ತಾದದ್ದು! ಇಪ್ಪತ್ತೆಂಟು ವರ್ಷ ನೀನು ನನ್ನನ್ನು ಅತಿಥಿಯ ಹಾಗೆ ಇಟ್ಟೆ. ಈಗ ಮನೆಯಲ್ಲೇ ಇದ್ದೇನಲ್ಲ, ಈಗಲೂ ಹಾಗೆಯಾ?"

ವನೆಸ್ಸಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಹತ್ತು ವರ್ಷದಲ್ಲಿ ಅತ್ತೆಗೆ ಎದುರಾಡದ ಸೊಸೆ ಅಂದು ಸಿಟ್ಟಿನಿಂದ ಅತ್ತಳು.

"ನಾನು ನಿಮ್ಮನ್ನು ಕೇಳಿದ್ದೆ ಮಮ್ಮಿ. ಊಟದ ಹೊತ್ತಿಗೆ, ಮುಖ ನೋಡಿ ಕೇಳಿದ್ದೆ. ನನ್ನ ಮಗಳನ್ನು ಆ ಕಾರಿನಲ್ಲಿ ಕೂರಿಸುತ್ತಿದ್ದಿರಾ?"

"ಇಲ್ಲ... ಹೇಳುತ್ತಿದ್ದೆ. ಹೇಗಾದರೂ..."

"ಯಾವಾಗ?"

ಮಾಡಿದ ಕೋಳಿ ಸಾರು ಆ ಮಧ್ಯಾಹ್ನ ಯಾರಿಗೂ ಬೇಡವಾಯಿತು. ಸಂಜೆ ವನೆಸ್ಸಾ ಮಗಳನ್ನು ಕರೆದುಕೊಂಡು ಕಾರ್ಕಳದ ತಾಯಿಮನೆಗೆ ಹೋದಳು, ಹೇಗೂ ಹೋಗಲಿಕ್ಕಿತ್ತು, ನಾಲ್ಕು ದಿನ ಬೇಗ ಹೋದಳು ಅಷ್ಟೇ.

ನಾಲ್ಕು ದಿನ ಮನೆಯಲ್ಲಿ ಇಬ್ಬರೇ. ಗಂಡ ಹೆಂಡತಿ ರಾತ್ರಿ ಜಪಸರ ಹಿಡಿದು ಪ್ರಾರ್ಥನೆಗೆ ಕೂತಾಗ ಮಾತ್ರ ಒಬ್ಬರ ಧ್ವನಿ ಒಬ್ಬರಿಗೆ ಕೇಳುತ್ತಿತ್ತು. ಅವಳು ಬಡಿಸಿ ಅಡುಗೆಮನೆಗೆ ಹೋಗುವಳು, ಅವನು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವನು. ಮೀನಿನ ಮುಳ್ಳು ಬಿಡಿಸಿ ಕೊಡಲು ಕೈ ಚಾಚಿದರೆ ಬಟ್ಟಲನ್ನು ಸರಿಸಿಕೊಳ್ಳುವನು. ಬೆಳಿಗ್ಗೆ ಅವನು ಎಂಜಿನ್ನಿನ ಮುಂದೆ ಕೂತು ಎಡಗೈಯಿಂದಲೇ ತಟ್ಟೆಯ ಸ್ಕ್ರೂಗಳನ್ನು ತೆಗೆಯುತ್ತಿದ್ದ. ಒಂದು ಸ್ಕ್ರೂ ತೆಗೆಯಲು ಅರ್ಧ ಗಂಟೆ. ಬಿದ್ದರೆ ತಾನೇ ಬಗ್ಗಿ ಹುಡುಕುತ್ತಿದ್ದ, ಬೈಯುತ್ತಿರಲಿಲ್ಲ. ಅವಳು ಜಗಲಿಯಿಂದ ಎದ್ದು ಹೋಗಲಿಲ್ಲ. ಹೋಗದಿರುವುದು ಎಷ್ಟು ಕಷ್ಟವೆಂದು ಅವಳಿಗೆ ಆಗ ತಿಳಿಯಿತು.

ಗುರುವಾರ ಬೆಳಿಗ್ಗೆ ಅವನು ಮೊಬೈಲ್ ಎತ್ತಿ ಮಗನಿಗೆ ಕರೆ ಮಾಡಿದ್ದು ಅವಳಿಗೆ ಕೇಳಿಸಿತು.

"ಜೋವಿನ್, ಒಂದು ವಿಷಯ ಉಂಟು. ನನ್ನ ಬಲಗೈ ಆಗುವುದಿಲ್ಲ. ಇಲ್ಲ, ಸುಳ್ಳು, ಮುಕ್ಕಾಲೂ ಇಲ್ಲ, ಕಾಲೂ ಇಲ್ಲ. ಕಾರು ನಾನು ಬಿಡುವುದಿಲ್ಲ. ವನೆಸ್ಸಾಳ ಲೈಸೆನ್ಸ್ ಉಂಟಲ್ಲ, ಅವಳೇ ಬಿಡಲಿ, ಹೆದರಿಕೆ ಹೋಗುವವರೆಗೆ ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೇನೆ. ಹ್ಞಾಂ. ಬೇಸರ ಉಂಟು. ಬೇಸರ ಇಲ್ಲದೆ ಇರ್ತದಾ?"

ಫೋನ್ ಇಟ್ಟು ಅವನು ಜಗಲಿಗೆ ಬಂದ. ಅವಳ ಎದುರಿನ ಮೆಟ್ಟಿಲಲ್ಲಿ ಕೂತ. ನಡುವೆ ಮೊಗ್ಗಿನ ಬುಟ್ಟಿ. ಗಂಟೆ ಒಂಬತ್ತೂವರೆ ದಾಟಿತ್ತು, ಒಂದು ಚೆಂಡೂ ಪೂರ್ತಿಯಾಗಿರಲಿಲ್ಲ.

"ನಾನು ಒಂದು ಕೇಳ್ತೇನೆ. ಸತ್ಯ ಹೇಳ್ತೀಯಾ?"

"ಕೇಳಿ."

"ಅಮ್ಮ ಹೋಗುವಾಗ ನನ್ನನ್ನು ಕೇಳಿದ್ದಳಾ?"

ಮೂವತ್ತೊಂದು ವರ್ಷದಿಂದ ಅವಳಲ್ಲಿ ಇದಕ್ಕೆ ಒಂದೇ ಉತ್ತರ. ಇಲ್ಲ, ನಿದ್ದೆಯಲ್ಲೇ ಹೋದರು, ಯಾರನ್ನೂ ಕೇಳಲಿಲ್ಲ. ಆ ಉತ್ತರ ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ಕೇಳಿದ್ದರು. ಮೂರು ದಿನ ಕೇಳಿದ್ದರು. ಕಣ್ಣು ಪೂರ್ತಿ ಹೋಗಿತ್ತಲ್ಲ, ಬಾಗಿಲು ಸದ್ದಾದರೆ ಸಾಕು, ಕ್ಲಾರೆನ್ಸ್ ಬಂದನಾ, ಕ್ಲಾರೆನ್ಸ್ ಬಂದನಾ."

ಅವನು ಕಣ್ಣು ಮುಚ್ಚಿದ. "ಮತ್ತೆ?"

"ಮೂರನೇ ದಿನ ನನಗೆ ತಡೆಯಲಿಕ್ಕೆ ಆಗಲಿಲ್ಲ. ಆಚೆ ಮನೆಯ ಅಲೆಕ್ಸಾಂಡರ್, ಆಗ ಸೊಸೈಟಿಯಲ್ಲಿ ಕ್ಲರ್ಕ್ ಆಗಿದ್ದ, ಅವನನ್ನು ಕರೆದುಕೊಂಡು ಬಂದೆ. ಅವನ ಕೈ ಅವರ ಕೈಯಲ್ಲಿ ಇಟ್ಟೆ. ಅಮ್ಮಾ, ನೋಡಿ, ಕ್ಲಾರೆನ್ಸ್ ಬಂದ ಎಂದು ಹೇಳಿದೆ."

"ಅಮ್ಮನಿಗೂ ಸುಳ್ಳಾ!" ಎಂದ ಅವನು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಂಬಿದಳಾ?"

"ಇಲ್ಲ." ಮ್ಯಾಗ್ಡಲಿನ್‌ಳ ಕೈಯಿಂದ ಬಾಳೆನಾರು ಜಾರಿತು. "ಬೆರಳು ಒಂದೊಂದನ್ನೂ ಮುಟ್ಟಿ ನೋಡಿದರು. ಅಂಗೈ ಸವರಿದರು. ಇದು ನನ್ನ ಮಗನ ಕೈ ಅಲ್ಲ ಮಗಳೇ, ಅವನ ಕೈ ಕಬ್ಬಿಣ ಮುಟ್ಟಿದ ಕೈ, ಇಷ್ಟು ಮೆತ್ತಗೆ ಇಲ್ಲ ಎಂದರು. ನನಗೆ ಭೂಮಿ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಅಲೆಕ್ಸಾಂಡರ್ ಕೈ ತೆಗೆಯಲಿಕ್ಕೆ ಹೋದ. ಅವರು ಬಿಡಲಿಲ್ಲ. ಇರಲಿ, ಇದೂ ಯಾರೋ ತಾಯಿಯ ಮಗನದ್ದು ಎಂದು ಹೇಳಿ ಗಟ್ಟಿ ಹಿಡಿದರು. ಹಿಡಿದುಕೊಂಡೇ ಹೋದರು."

ಕ್ಲಾರೆನ್ಸ್ ಬಾಯಿ ತೆರೆದ. ಬಂದದ್ದು ಅಳು. ಗಂಡಸು, ಅರುವತ್ತಾರು ವರ್ಷದವನು, ಜಗಲಿಯ ಮೆಟ್ಟಿಲಲ್ಲಿ ಕೂತು ದಾರಿಹೋಕರಿಗೆ ಕೇಳುವ ಹಾಗೆ ಅತ್ತ. ಸುಮ್ಮನಿರಿ, ಎಲ್ಲ ಸರಿಯಾಗ್ತದೆ ಎಂದು ಹೇಳಲು ಅವಳಿಗೆ ಅಭ್ಯಾಸ. ಆವತ್ತು ಹೇಳಲಿಲ್ಲ. ಬುಟ್ಟಿಯನ್ನು ಬದಿಗೆ ಸರಿಸಿ ಮೆಟ್ಟಿಲಿಗೆ ಇಳಿದು, ಅವನ ಪಕ್ಕದಲ್ಲಿ ಕೂತು, ಅವನ ಬಲಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಅವನು ಎಳೆದುಕೊಳ್ಳಲಿಲ್ಲ.

ಗೇಟಿನ ಬಳಿ ಹೂವಿನ ಗಾಡಿ ಬಂದು ಹಾರನ್ ಹೊಡೆಯಿತು. ಒಮ್ಮೆ, ಮತ್ತೊಮ್ಮೆ.

"ಇವತ್ತು ಹೂ ಆಗಲಿಲ್ಲ ಮಾರಾಯ!" ಮ್ಯಾಗ್ಡಲಿನ್ ಕೂತಲ್ಲಿಂದಲೇ ಕೂಗಿದಳು. "ಕಾಯಬೇಡ, ಹೋಗು!"